ಇನ್ನೊಂದು ಮೊಳೆ

ಅಣ್ಣನನ್ನು ಬಲಿ ತೆಗೆದುಕೊಂಡ ಕಾರ್ಖಾನೆಯ ಬಾಯ್ಲರನ್ನು, ಅದು ಸಿಡಿಯುವ ಮೊದಲು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದ್ದರು. ಆ ಹಳೆಯ ದಾಖಲೆಯನ್ನು ಅವಳು ತಾನೇ ರೂಪಿಸಿದ ಹೊಸ ಸಾಫ್ಟ್‌ವೇರಿಗೆ ಹಾಕಿದಳು. ಬರೀ ಮಸುಕಾಗಿದ್ದ ಚಿತ್ರದಲ್ಲಿ ಬೆಸುಗೆಯೊಳಗಿನ ಬಿರುಕು ಕೂದಲೆಳೆಯಂತೆ ಮೂಡಿತು.

"ಸರ್, ಹಳೇ ಮಷೀನಲ್ಲಿ ಇದು ಯಾರಿಗಾದ್ರೂ ಕಾಣ್ತಿತ್ತಾ?" ಲ್ಯಾಬಿನ ಮುಖ್ಯಸ್ಥರನ್ನು ಕೇಳಿದಳು.

"ಚಾನ್ಸೇ ಇಲ್ಲಮ್ಮ. ನಾನಾಗಿದ್ರೂ ಪಾಸ್ ಮಾಡ್ತಿದ್ದೆ."

ಹೊರಗೆ ಬಂದು ಮನೆಗೆ ಫೋನ್ ಮಾಡಿದಳು.

"ಅಮ್ಮಾ, ಆ ಬಾಯ್ಲರ್ ಪಾಸ್ ಮಾಡಿದ್ದು ಅಪ್ಪನ ತಪ್ಪಲ್ಲ. ಅವತ್ತು ಬಿರುಕು ಯಾರ ಕಣ್ಣಿಗೂ ಕಾಣೋ ಹಾಗಿರ್ಲಿಲ್ಲ."

ಆ ಕಡೆಯಿಂದ ಅಮ್ಮ ಏನನ್ನೋ ಎಳೆದ ಸದ್ದು ಬಂತು.

"ಅಮ್ಮಾ, ಕೇಳಿಸ್ತಾ?"

"ಹ್ಞೂಂ. ಬರ್ತಾ ಒಂದು ಮೊಳೆ ತಗೊಂಡು ಬಾ. ನಿಮ್ಮಪ್ಪನ ಫೋಟೋನ ಟ್ರಂಕಿಂದ ತೆಗೆದು, ಅಣ್ಣನ ಫೋಟೋ ಪಕ್ಕ ಹಾಕೋಣ."