ಮತ್ತೆ ಎದ್ದು ಕೂರುವ ಕಂಪ್ಯೂಟರ್

ಲಗ್ನಪತ್ರಿಕೆ ಅಚ್ಚುಹಾಕುವ ಕೊಟ್ರಯ್ಯನ ಅಂಗಡಿಯ ಕಂಪ್ಯೂಟರ್ ಆಫ್ ಮಾಡಿದ ಮರುಕ್ಷಣ ತಾನಾಗಿಯೇ ಎದ್ದು ಕೂರುತ್ತಿತ್ತು. ರಿಪೇರಿಗೆ ಹಾಲೇಶ ಬಂದದ್ದು ಇದು ಮೂರನೇ ಸಲ. ಬಂದಾಗಲೆಲ್ಲ ಅವನಿಗೆ ಬಿಸಿಬಿಸಿ ಮಿರ್ಚಿ ಬಜ್ಜಿ ತಪ್ಪುತ್ತಿರಲಿಲ್ಲ.

"ದಿನಾ ಬೆಳಿಗ್ಗೆ ಪವರ್ ಬಟನ್ನಿಗೆ ಗಂಧ, ಕುಂಕುಮ ಹಚ್ಚಿ ಕೈಮುಗಿದೇ ಶುರು ಮಾಡ್ತೀನಪ್ಪ. ಆದ್ರೂ ಹಿಂಗ್ ಕಾಡ್ತೈತಲ್ಲ!" ಎಂದು ಗೊಣಗುತ್ತ ಕೊಟ್ರಯ್ಯ ಬಜ್ಜಿ ತರಲು ಎದುರಿನ ಅಂಗಡಿಗೆ ಹೋದ.

ಹಾಲೇಶ, ಒತ್ತಿದಂತೆಯೇ ಸಿಕ್ಕಿಕೊಂಡಿದ್ದ ಬಟನ್ನಿನ ಸಂದಿಯಿಂದ ಒಣಗಿದ ಗಂಧ-ಕುಂಕುಮವನ್ನು ಕೆರೆದು ತೆಗೆದು, ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ. ಈಗ ಆಫ್ ಮಾಡಿದರೆ ಕಂಪ್ಯೂಟರ್ ತೆಪ್ಪಗೆ ಮಲಗಿತು.

ಬಜ್ಜಿಯೊಂದಿಗೆ ಮರಳಿದ ಕೊಟ್ರಯ್ಯ ಬೆರಗಾದ. "ಏನಾಗಿತ್ತೋ ಇದಕ್ಕ?"

"ಯಾರದೋ ಕಣ್ಣು ಬಿದ್ದಿತ್ರಿ ಸ್ವಾಮೇರ," ಎಂದ ಹಾಲೇಶ, ಬಜ್ಜಿ ಕಚ್ಚುತ್ತ. "ನಾಳಿಂದ ಕುಂಕುಮ ಇನ್ನೊಂದ್ ಸ್ವಲ್ಪ ದಪ್ಪಗೆ ಹಚ್ರಿ."