ಅಕ್ಕನ ಪಾಲು

ಪ್ರತಿ ಬೇಸಿಗೆಯಲ್ಲೂ ಸಮುದ್ರದ ದಂಡೆಯಲ್ಲಿ ಮನೆ ಹುಡುಕಿ, ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ಅಕ್ಕತಂಗಿಯರಿಗೆ ಸಾಕಾಗಿಹೋಗಿತ್ತು. ಮೂವರೂ ಸೇರಿ ಒಂದನ್ನು ಕೊಂಡೇಬಿಡೋಣ ಎಂದು ಹಟ ಹಿಡಿದವರು ತಂಗಿಯರಿಬ್ಬರು.

"ನೀನಿಲ್ದೆ ಅದೆಂಥ ಮನೆ ಅಕ್ಕಾ? ನಿಂದೂ ಒಂದು ಪಾಲು ಇರ್ಲೇಬೇಕು," ಎಂದಿದ್ದಳು ನಡುವಿನವಳು.

ಮದುವೆಯಾಗದ ಅಕ್ಕ, ವಠಾರದ ಎರಡು ಕೋಣೆಗಳಲ್ಲೇ ಇದ್ದುಕೊಂಡು ಟೀಚರ್ ಕೆಲಸ ಮುಗಿಸಿ ನಿವೃತ್ತಳಾಗಿದ್ದಳು. ತನ್ನ ಹೆಸರಿನಲ್ಲೂ ಒಂದು ಮನೆ! ನಿವೃತ್ತಿಯಲ್ಲಿ ಬಂದ ಗಂಟನ್ನು ಬಿಚ್ಚಲು ಅವಳು ಎರಡನೆಯ ಮಾತಾಡಲಿಲ್ಲ. ಸಮುದ್ರದ ಕಡೆಯ ಕಿಟಕಿಗೆಂದು ನೀಲಿ ಪರದೆ ಬಟ್ಟೆಯನ್ನೂ ತಂದಿಟ್ಟಳು.

ಕರಾರಿಗೆ ಸಹಿ ಹಾಕುವ ದಿನ ಮೂವರೂ ನಡುವಿನವಳ ಮನೆಯಲ್ಲಿ ಕೂತಿದ್ದರು.

"ಬೆಳಗ್ಗೆ ಎದ್ದು ಸಮುದ್ರ ನೋಡ್ಕೊಂಡು ಅಕ್ಕನ ಕೈಯ ಒತ್ತುಶ್ಯಾವಿಗೆ ತಿನ್ನೋದು. ಇನ್ನೇನು ಬೇಕು?" ಎಂದಳು ಕಿರಿಯವಳು.

ಅಕ್ಕ ನಕ್ಕಳು. "ಶ್ಯಾವಿಗೆ ಕಾಲ ಮುಗೀತು ಕಣ್ರೇ. ಮಂಡಿ ಸವೆದಿದೆ, ಇನ್ನು ಒಲೆ ಮುಂದೆ ನಿಲ್ಲೋ ಹಾಗೇ ಇಲ್ಲ ಅಂದ್ಬಿಟ್ರು ಡಾಕ್ಟ್ರು. ಇನ್ಮೇಲೆ ನಾನೂ ನಿಮ್ ಥರಾನೇ ಕಾಲು ಚಾಚ್ಕೊಂಡು ಕೂತ್ಕೋತೀನಿ."

ನಡುವಿನವಳು ಕಿರಿಯವಳ ಮುಖ ನೋಡಿದಳು. ಕಿರಿಯವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಅಲ್ಲ ಅಕ್ಕಾ," ಎಂದಳು ಕಿರಿಯವಳು, "ಈ ವಯಸ್ಸಲ್ಲಿ ನಿನಗ್ಯಾಕೆ ಆಸ್ತಿ ರಗಳೆ? ಬಾಡಿಗೇನೇ ವಾಸಿ ಬಿಡು. ಈಗೀಗ ಮನೆ ಜೊತೆಗೆ ಅಡುಗೆಯವಳನ್ನೂ ಕೊಡ್ತಾರಂತೆ."