ಊರಿನಲ್ಲಿ ಸಿಗದ ಗುಂಡು

ಬಂದೂಕು ಅಂಗಡಿಯ ಮೇಸ್ತ್ರಿ ಪಿಸ್ತೂಲಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. ಒಳಗೋಡೆಗೆ ತೆಳುವಾದ ಬೂದು ಮಸಿ ಅಂಟಿತ್ತು.

“ಇದು ಹಾರಿದೆ,” ಎಂದ.

“ಒಂದು ಸಲ,” ಎಂದಳು ಎದುರಿನ ಹೆಂಗಸು.

ಉತ್ತರ ಅಷ್ಟು ಖಚಿತವಾಗಿದ್ದುದು ಅವನಿಗೆ ಹಿಡಿಸಲಿಲ್ಲ. ಪಿಸ್ತೂಲು ಮಾರಲು ಬಂದವರು ಹಾರಿಸಿಯೇ ಇಲ್ಲ ಎನ್ನುತ್ತಾರೆ, ಇಲ್ಲವೇ ಗೊತ್ತಿಲ್ಲ ಎನ್ನುತ್ತಾರೆ. ಎಣಿಸಿಟ್ಟುಕೊಂಡವರು ಕಡಿಮೆ.

ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ ಎಂದು ಬಂದ ಕೂಡಲೇ ಹೇಳಿದ್ದಳು. ವಯಸ್ಸು ಐವತ್ತರ ಆಸುಪಾಸು. ಬಟ್ಟೆಯ ಇಸ್ತ್ರಿ ಕೆಟ್ಟಿರಲಿಲ್ಲ. ಚಪ್ಪಲಿ ಮಾತ್ರ ಧೂಳು ಕುಡಿದು ಬಣ್ಣ ಬಿಟ್ಟಿತ್ತು. ಕಾಗದಗಳೆಲ್ಲ ಸರಿಯಾಗಿದ್ದವು: ಗಂಡನ ಹೆಸರಿನ ಪರವಾನಗಿ, ಗಂಡನ ಮರಣಪತ್ರ, ಮಾರಲು ಅಡ್ಡಿಯಿಲ್ಲವೆಂದು ಠಾಣೆಯ ಮೊಹರು.

ಕಾಗದಕ್ಕಿಂತ ದೊಡ್ಡದೊಂದು ಕಟ್ಟಳೆ ಮೇಸ್ತ್ರಿಗಿತ್ತು. ರಕ್ತ ಕಂಡ ಆಯುಧ ಈ ಹೊಸ್ತಿಲು ದಾಟಬಾರದು ಎಂದು ಅವನಪ್ಪ ದಿನಾ ಬೆಳಿಗ್ಗೆ ಬಾಗಿಲು ತೆರೆಯುವಾಗ ಪದ್ಯ ಒಪ್ಪಿಸಿದಂತೆ ಹೇಳುತ್ತಿದ್ದ. ಮೂವತ್ತೆಂಟು ವರ್ಷ ಮೇಸ್ತ್ರಿ ಅದನ್ನು ಮುರಿದಿರಲಿಲ್ಲ. ಪಕ್ಕದ ಬೀದಿಯವನು ಹೋದ ವರ್ಷ ಕೊಲೆಗೆ ಬಳಸಿದ ಪಿಸ್ತೂಲೊಂದನ್ನು ಕೊಂಡು ಪರವಾನಗಿ ಕಳೆದುಕೊಂಡಿದ್ದ. ಆ ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ.

ಆದರೆ ಎಂಥ ಪಿಸ್ತೂಲು! ಕಡುನೀಲಿ ಮೆರುಗು, ಅಕ್ರೋಟು ಮರದ ಹಿಡಿ, ಎಣ್ಣೆಯಲ್ಲಿ ಜಾರುವಂತೆ ಸರಿಯುವ ಬಿಡಿಭಾಗಗಳು. ಅವಳು ಕೇಳಿದ ಬೆಲೆ ಈ ಅಂಗಡಿಯ ಒಂದು ವರ್ಷದ ಬಾಡಿಗೆಯಷ್ಟು. ಕೆಳಗಿಡಲು ಮೇಸ್ತ್ರಿಗೆ ಕೈ ಬರಲಿಲ್ಲ.

“ಅಣ್ಣಾ, ಗುಂಡಿನ ಅಳತೆ ನೋಡಿದ್ಯಾ?” ಗಲ್ಲಾದ ಹಿಂದಿನಿಂದ ತಮ್ಮ ಕೇಳಿದ. “ಯಾರೂ ಇಡದ ಅಳತೆ. ಇಷ್ಟು ದುಡ್ಡು ಸುರಿದು ಏನ್ಮಾಡ್ತೀಯ? ಕಾಗದ ಹಾರದ ಹಾಗೆ ಮೇಲಿಡೋಕಾ?”

“ನಿಜವಾಗ್ಲೂ ಎಲ್ಲೂ ಸಿಗೋದಿಲ್ವಾ?” ಟೀಚರ್ ತಟ್ಟನೆ ತಿರುಗಿದಳು.

“ಈ ಊರಲ್ಲಿ ಸಿಕ್ಕಿದ್ರೆ ನನ್ನ ಮೀಸೆ ಬೋಳಿಸ್ತೀನಿ, ಟೀಚರಮ್ಮ.”

ಅವಳು ನಗಲಿಲ್ಲ. “ಎಂಟು ಅಂಗಡಿಯಲ್ಲೂ ಹಾಗೇ ಅಂದ್ರು.”

ಎಂಟು ಅಂಗಡಿ! ಎಂಟು ಜನ ಬೇಡವೆಂದದ್ದರಲ್ಲಿ ಏನೋ ಇದೆ.

“ಬೆಲೆ ಜಾಸ್ತಿ ಅಂದ್ರಾ?”

“ಬೆಲೆಯ ಮಾತೇ ಬರಲಿಲ್ಲ. ಗುಂಡಿಲ್ಲ ಅಂದ ಕೂಡಲೇ ನಾನೇ ಎದ್ದು ಬಂದೆ.”

ಚಹಾ ಹೇಳಿ ಬಾ ಎಂದು ಮೇಸ್ತ್ರಿ ತಮ್ಮನನ್ನು ಹೊರಗಟ್ಟಿದ. ಅವನ ಹೆಜ್ಜೆಯ ಸಪ್ಪಳ ದೂರವಾಗುವ ತನಕ ಕಾದು ದನಿ ತಗ್ಗಿಸಿದ.

“ತಪ್ಪು ತಿಳ್ಕೋಬೇಡಿ ಅಮ್ಮಾ. ಆ ಒಂದು ಸಲ ಹಾರಿಸಿದ್ದು ಯಾರು?”

“ನನ್ನ ಗಂಡ.”

“ಯಾರಿಗಾದ್ರೂ…”

“ಇದರಿಂದ ಇನ್ನೊಬ್ಬರ ಮೈಗೆ ಒಂದು ಗೀರೂ ಬಿದ್ದಿಲ್ಲ. ಆಣೆ ಮಾಡ್ಲಾ?”

ಕಣ್ಣು ಮಿಟುಕಿಸದೆ ಹೇಳಿದಳು. ಸುಳ್ಳು ಹೇಳುವವರ ಕಣ್ಣು ಮೇಸ್ತ್ರಿಗೆ ಗೊತ್ತಿತ್ತು. ಇದು ಅದಲ್ಲ.

“ಆಣೆ ಬೇಡ. ಯಜಮಾನರಿಗೆ ಪಿಸ್ತೂಲು ಯಾಕೆ ಬೇಕಾಗಿತ್ತು?”

“ಸರ್ವೆ ಇಲಾಖೆ. ಕಾಡಿಗೆ ಹೋಗೋರು ಇಟ್ಕೊಳ್ಳಲೇಬೇಕು, ಇಲ್ಲಾಂದ್ರೆ ಕೆಲಸ ಬಿಡಿ ಅಂತ ಆದೇಶ ಬಂತು. ಐದು ವರ್ಷ ಸೊಂಟದಲ್ಲಿತ್ತು. ಕಾಡಲ್ಲಿ ಒಂದು ದಿನಾನೂ ಹಾರಿಸಲಿಲ್ಲ.”

ಹಾಗಾದರೆ ಕುತೂಹಲಕ್ಕೆ ಎಲ್ಲೋ ಬಯಲಿನಲ್ಲಿ ಒಮ್ಮೆ ಹಾರಿಸಿರಬೇಕು, ಪಿಸ್ತೂಲಿನ ಜೊತೆ ಬಂದ ಗುಂಡಿರಬೇಕು. ಮೇಸ್ತ್ರಿಯ ಮನಸ್ಸಿನ ಗಂಟು ಸಡಿಲವಾಯಿತು. ಅಪ್ಪನ ಮಾತು ಉಳಿಯಿತು, ಪಿಸ್ತೂಲೂ ಸಿಕ್ಕಿತು.

“ತಗೋತೀನಿ. ನೀವು ಹೇಳಿದ ಬೆಲೆಗೇ.”

“ಗುಂಡೇ ಇಲ್ಲದ್ದನ್ನ ತಗೊಂಡು ಏನು ಮಾಡ್ತೀರಿ?”

ತನ್ನ ಸರಕನ್ನು ತಾನೇ ಹಳಿಯುವ ಮಾರಾಟಗಾರ್ತಿಯನ್ನು ಮೇಸ್ತ್ರಿ ಇದೇ ಮೊದಲು ನೋಡಿದ್ದು. ಸಂತೋಷದಲ್ಲಿ ನಾಲಿಗೆ ಸಡಿಲವಾಯಿತು.

“ಸಿಗದಿದ್ರೆ ನಾನೇ ಮಾಡ್ತೀನಿ. ನನ್ನ ತಮ್ಮನಿಗೂ ಗೊತ್ತಿಲ್ಲ, ಹೋದ ಚಳಿಗಾಲದಲ್ಲಿ ಇದೇ ಅಳತೆಯದ್ದು ಒಂದು ಮಾಡಿದೀನಿ. ಒಂದೇ ಒಂದು. ಹಳೇ ಗುಂಡುಗಳನ್ನ ಕೂಡಿಡೋ ದೊಡ್ಡವರೊಬ್ಬರು ಬಂದಿದ್ರು. ಪಿಸ್ತೂಲು ತಂದಿರಲಿಲ್ಲ, ಬರೀ ನಕ್ಷೆ. ಕೂದಲೆಳೆಯಷ್ಟೂ ತಪ್ಪಿಲ್ಲ! ಗಾಜಿನ ಪೆಟ್ಟಿಗೇಲಿ ಒಂದು ಜಾಗ ಖಾಲಿ ಉಳಿದಿದೆ ಅಂದ್ರು. ಹಾಗಿದ್ರೆ ಒಳಗೆ ಮದ್ದು ತುಂಬೋದು ಯಾಕೆ ಸ್ವಾಮಿ ಅಂದೆ. ಮದ್ದಿಲ್ಲದಿದ್ರೆ ಅದು ಬೊಂಬೆ, ಮೇಸ್ತ್ರಿ, ನಿಮ್ಮ ಕೈಯಿಂದ ಬೊಂಬೆ ಬರಬಾರದು ಅಂದ್ರು.”

“ಮಾಡಿಕೊಟ್ರಿ.”

“ಮೂರು ದಿನ ಹಿಡೀತು. ಮೂರು ದಿನಾನೂ ಇದೇ ಸ್ಟೂಲಿನ ಮೇಲೆ ಕೂತು ನೋಡ್ತಿದ್ರು. ಎಂಥ ಸಜ್ಜನ! ಹೋಗುವಾಗ ನನ್ನ ಎರಡೂ ಕೈ ಹಿಡ್ಕೊಂಡು ಕಣ್ಣಿಗೆ ಒತ್ತಿಕೊಂಡ್ರು. ನಮ್ಮ ಕಸುಬಿಗೆ ಅಂಥ ಮರ್ಯಾದೆ ಯಾರು ಕೊಡ್ತಾರೆ, ಹೇಳಿ?”

ಟೀಚರ್ ಪಿಸ್ತೂಲನ್ನು ತನ್ನೆಡೆಗೆ ಎಳೆದುಕೊಂಡಳು. ಬಟ್ಟೆಯಲ್ಲಿ ಸುತ್ತತೊಡಗಿದಳು. ಗಂಟು ಎರಡು ಸಲ ಜಾರಿತು.

“ಎಡಗೈಯಲ್ಲಿ ಬರೀತಿದ್ರಾ ಅವರು?”

“ಹೌದು! ನಿಮಗೆ ಗುರುತಾ? ಅರೆ, ಯಾಕಮ್ಮಾ ಸುತ್ತಿಡ್ತಿದ್ದೀರಿ? ಮಾರೋದಿಲ್ವಾ?”

“ನಾನು ಮಾರೋಕೆ ಬಂದವಳಲ್ಲ, ಮೇಸ್ತ್ರಿ. ಆ ಒಂದು ಗುಂಡು ಎಲ್ಲಿಂದ ಬಂತು ಅಂತ ಹುಡುಕ್ತಾ ಬಂದವಳು. ಅವರಿಗೆ ಆಗಾಗ ಬದುಕೇ ಬೇಡ ಅನ್ನಿಸೋದು ನನಗೆ ಗೊತ್ತಿತ್ತು. ಅದಕ್ಕೇ, ಊರೆಲ್ಲ ಹುಡುಕಿದ್ರೂ ಗುಂಡು ಸಿಗದ ಪಿಸ್ತೂಲು ಇದೊಂದೇ ಅಂತ ಖಾತ್ರಿ ಮಾಡ್ಕೊಂಡು, ಎಷ್ಟೇ ದುಬಾರಿಯಾದ್ರೂ ಇದನ್ನೇ ತಗೊಳ್ಳಿ ಅಂತ ನನ್ನ ಗಂಡನಿಗೆ ನಾನೇ ಹೇಳಿದ್ದೆ.”